ನಿಪ್ಪಾಣಿಯ ಕಂಪ್ಯೂಟರ್ ಕ್ಲಾಸು ಮತ್ತು ನಾವಿಬ್ಬರು

ನಮ್ಮ ಮನೆಯಲ್ಲಿ ಸಮಾಧಾನದಿಂದ ಕೂತು ಉಣ್ಣುವವರು ಒಬ್ಬರೂ ಇರಲಿಲ್ಲ. ಅಪ್ಪ ತಾಟನ್ನು ಎಡಗೈಯಲ್ಲಿ ಹಿಡಿದು ತಲಬಾಗಿಲಲ್ಲಿ ನಿಂತು, ಮುಗಿಲು ನೋಡುತ್ತ ರೊಟ್ಟಿ ಮುರಿಯುತ್ತಿದ್ದ. ಆಯಿ, ಅಂದರೆ ಅಪ್ಪನ ಅವ್ವ, ಕೂತರೂ ಎರಡು ತುತ್ತಿಗೊಮ್ಮೆ ಎದ್ದು ಒಲೆಯ ಮುಂದೆ ಹೋಗಿ ಸೊಸೆ ಮಾಡಿದ ಬೇಳೆಯ ಆಮ್ಟಿಯಲ್ಲಿ ಸೌಟು ಆಡಿಸಿ ಬರುವಳು. ಅವ್ವ ಎಲ್ಲರದೂ ಆದ ಮೇಲೆ ಒಲೆಯ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತು ಯಾವಾಗ ಉಂಡಳೋ ಯಾವಾಗ ಎದ್ದಳೋ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಕೈಯಲ್ಲಿ ರೊಟ್ಟಿಯ ಸುರುಳಿ ಹಿಡಿದು ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ತಿರುಗುತ್ತ ತಿನ್ನುವವಳು. ಓದುವುದೂ ಹಾಗೆಯೇ. ಕಾಲು ನಿಂತರೆ ನನ್ನ ತಲೆಯೂ ನಿಂತುಬಿಡುತ್ತಿತ್ತು. ಪಿಯುಸಿಯ ಇಡೀ ಭೌತಶಾಸ್ತ್ರವನ್ನು ನಾನು ನಡೆದೇ ಕಲಿತದ್ದು.

ಅಕ್ಕೋಳದ ಆ ಮನೆ ಅರ್ಧ ನಮ್ಮದು, ಅರ್ಧ ತಂಬಾಕಿನದು. ಹೊಲದಲ್ಲಿ ಒಣಗಿದ ತಂಬಾಕು ಚೀಲ ತುಂಬಿ ನಡುಮನೆಗೆ ಬಂದು ಬಿತ್ತೆಂದರೆ ಮಾರಾಟವಾಗುವವರೆಗೆ ನಾವು ಗೋಡೆಗೆ ಅಂಟಿಕೊಂಡು ಓಡಾಡಬೇಕು. ಬಂದ ಬೀಗರು ಹೊಸ್ತಿಲು ದಾಟುತ್ತಿದ್ದಂತೆ ಸೀನುತ್ತಿದ್ದರು. ನಮಗೆ ಅದು ರೂಢಿ. ಹಾಸಿಗೆ, ಅರಿವೆ, ಹೆರಳು, ಕುಡಿಯುವ ನೀರಿನ ಕೊಡ, ಎಲ್ಲಕ್ಕೂ ಅದೇ ವಾಸನೆ. ಆಯಿ ಆ ತಂಬಾಕನ್ನೇ ಹೆಂಚಿನ ಮೇಲೆ ಕರಿಯಾಗುವಂತೆ ಹುರಿದು ಮಿಶ್ರಿ ಮಾಡಿ, ಬೆಳಗಿನಲ್ಲಿ ಕಟ್ಟೆಯ ಮೇಲೆ ಕೂತು ಹಲ್ಲಿಗೆ ತಿಕ್ಕುವಳು. ಅವಳು ಮಿಶ್ರಿ ತಿಕ್ಕುವಷ್ಟು ಹೊತ್ತು ಮಾತ್ರ ಮನೆಯಲ್ಲಿ ಜಗಳ ಇರುತ್ತಿರಲಿಲ್ಲ, ಬಾಯಿ ತುಂಬಿರುತ್ತಿತ್ತಲ್ಲ. ಅವ್ವ ಗಡಹಿಂಗ್ಲಜ ಕಡೆಯವಳು, ಮರಾಠಿ ಮನೆತನ. ಪಡಸಾಲೆಯಲ್ಲಿ ಕನ್ನಡ, ಅಡಿಗೆಮನೆಯಲ್ಲಿ ಮರಾಠಿ ಎಂದು ಯಾರೂ ನೇಮ ಮಾಡಿರದಿದ್ದರೂ ಹಾಗೇ ನಡೆದಿತ್ತು. ಅವ್ವ ಸಿಟ್ಟಾದಳೆಂದು ನಮಗೆ ತಿಳಿಯುತ್ತಿದ್ದದ್ದು ಅವಳ ಮರಾಠಿ ಪಡಸಾಲೆಗೆ ಬಂದಾಗ.

ಈ ಮನೆಗೆ ಶಾಂತಕ್ಕ ತಿರುಗಿ ಬಂದದ್ದು ನಾನು ಇನ್ನೂ ಹೈಸ್ಕೂಲಿನಲ್ಲಿದ್ದಾಗ, ಒಂದು ಮಧ್ಯಾಹ್ನ. ನನ್ನ ಅಕ್ಕ, ನನಗಿಂತ ಐದಾರು ವರ್ಷ ದೊಡ್ಡವಳು. ಎಸ್ಸೆಸ್ಸೆಲ್ಸಿ ಪಾಸಾಗಿ, ಎರಡು ವರ್ಷ ಮನೆಯಲ್ಲಿದ್ದು, ಆಮೇಲೆ ರಾಯಬಾಗ ತಾಲೂಕಿನ ಅಲಖನೂರಿಗೆ ಮದುವೆಯಾಗಿ ಹೋಗಿದ್ದಳು. ಕಬ್ಬಿನ ಹೊಲ, ನೀರಾವರಿ, ದೊಡ್ಡ ಮನೆ, ಎಲ್ಲ ನೋಡಿಯೇ ಕೊಟ್ಟಿದ್ದರು. ಗಂಡನ ಕೈ ನೋಡಿರಲಿಲ್ಲ. ಟ್ರಂಕಿಲ್ಲ, ಕೈಚೀಲವಿಲ್ಲ, ಉಟ್ಟ ಸೀರೆಯಲ್ಲಿ ಬಸ್ಸಿಳಿದು ಬಂದವಳು ಸೀದಾ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು, ಅವ್ವನ ಕೈಯಿಂದ ಹಿಟ್ಟಿನ ಪರಾತ ತೆಗೆದುಕೊಂಡು ರೊಟ್ಟಿ ಬಡಿಯಲು ಕೂತಳು. ತೋಳಿನ ಮೇಲಿನ ಗುರುತನ್ನು ಎಲ್ಲರೂ ನೋಡಿದೆವು. ಅಪ್ಪ ಅಲಖನೂರಿಗೆ ಒಮ್ಮೆ ಹೋಗಿ ಬಂದ. ಬಂದವನು ಮೂರು ದಿವಸ ಹೊಲದಲ್ಲೇ ಇದ್ದ. ಆಮೇಲೆ ಆ ಊರಿನ ಹೆಸರೇ ಮನೆಯಲ್ಲಿ ಇಲ್ಲವಾಯಿತು.

ಶಾಂತಕ್ಕನನ್ನು ಎಲ್ಲಿ ಇಡಬೇಕೆಂದು ಮನೆಗೆ ತಿಳಿಯಲಿಲ್ಲ. ಅವಳು ಮಗಳೂ ಹೌದು, ಬೇರೆಯವರ ಸೊಸೆಯೂ ಹೌದು. ಹಬ್ಬದಲ್ಲಿ ಆರತಿಗೆ ಕರೆಯಬೇಕೋ ಬ್ಯಾಡವೋ ಎಂದು ಆಯಿ ಪ್ರತಿಸಲ ಗೊಣಗಿ, ಪ್ರತಿಸಲ ಕೊನೆಯಲ್ಲಿ ಕರೆಯುತ್ತಿದ್ದಳು. ಅಕ್ಕನೂ ತನ್ನ ಜಾಗ ತಾನು ಹುಡುಕುತ್ತಿದ್ದಳೆಂದು ಕಾಣುತ್ತದೆ. ಮನೆಯ ಸಾಮಾನುಗಳನ್ನು ಒಂದೇ ಕಡೆ ಇರಗೊಡುತ್ತಿರಲಿಲ್ಲ. ಇವತ್ತು ಬೇಳೆಯ ಡಬ್ಬಿಗಳು ಮೇಲಿನ ಹಲಗೆಗೆ, ನಾಳೆ ಕೆಳಗೆ. ತಂಬಾಕಿನ ಚೀಲಗಳನ್ನು ಆಳುಗಳ ಕೈಯಿಂದ ಎತ್ತಿಸಿ ಹೊಸದಾಗಿ ಒಟ್ಟಿಸಿ, ನಡುವೆ ಒಬ್ಬರು ಹಾಯುವಷ್ಟು ಹಾದಿ ಬಿಡಿಸಿದಳು. ಆಯಿ ಕತ್ತಲಲ್ಲಿ ಉಪ್ಪಿನ ಮರಿಗೆಯೆಂದು ಅರಿಷಿಣದಲ್ಲಿ ಕೈ ಹಾಕಿದ ದಿನ ದೊಡ್ಡ ಜಗಳವಾಯಿತು.

“ಒಂದ ಕಡೆ ಇರಾಕ ಬರಾಂಗಿಲ್ಲೇನ ನಿನಗ?” ಎಂದಳು ಆಯಿ. ಸಾಮಾನಿನ ಬಗ್ಗೆಯೇ ಅಂದದ್ದು. ಆದರೂ ಅಕ್ಕ ಎದ್ದು ಹಿತ್ತಲಿಗೆ ಹೋದಳು, ಅವ್ವ ಮರಾಠಿಯಲ್ಲಿ ಪಡಸಾಲೆಗೆ ಬಂದಳು.

ಕಂಪ್ಯೂಟರಿನ ಮಾತು ನಮ್ಮ ಮನೆಗೆ ಬಂದದ್ದು ಅಪ್ಪನ ಬಾಯಿಂದ. ಆಗ ತೊಂಬತ್ತರ ದಶಕ ಶುರುವಾಗಿತ್ತು. ತಂಬಾಕಿನ ಕೆಲಸಕ್ಕೆಂದು ಕೊಲ್ಲಾಪುರಕ್ಕೆ ಹೋದ ಅಪ್ಪ ಅಲ್ಲಿನ ಒಂದು ಬ್ಯಾಂಕಿನಲ್ಲಿ ಗಾಜಿನ ಕೋಣೆಯೊಳಗೆ ಕಂಪ್ಯೂಟರಿನ ಮುಂದೆ ಕೂತ ಹುಡುಗಿಯನ್ನು ನೋಡಿ ಬಂದಿದ್ದ. ಅದನ್ನು ಅವನು ನಮಗೆ ಎಷ್ಟು ಸಲ ಹೇಳಿದನೋ. ಹೇಳುವಾಗಲೂ ತಾಟು ಹಿಡಿದು, ನನ್ನ ಕಡೆ ಕೈ ಮಾಡುತ್ತ ನಿಂತೇ ಇದ್ದ.

“ನಮ್ಮ ಕಸ್ತೂರಿ ವಯಸ್ಸಿನಾಕಿನ ಇದ್ದಾಳು. ಆಕಿ ಕುಂತಿದ್ಲು. ಮ್ಯಾನೇಜರ ಬಂದು ಬಾಜೂಕ ನಿಂತ, ಕೈ ಕಟ್ಟಿ. ಆಕಿ ಏಳಲಿಲ್ಲ. ಅಂವಗ ಬೇಕಾದ್ದ ತಗದ ಕೊಟ್ಲು, ಅಂವ ತಗೊಂಡ ಹ್ವಾದ.”

ಅಪ್ಪ ತನ್ನ ಅಪ್ಪನನ್ನು ಕಳೆದುಕೊಂಡು ಮ್ಯಾಟ್ರಿಕ್ಕಿಗೇ ಸಾಲಿ ಬಿಟ್ಟವನು. ಅಂದಿನಿಂದ ವ್ಯಾಪಾರಿಗಳ ಅಂಗಡಿಯ ಮುಂದೆ, ಕಚೇರಿಗಳ ಬಾಗಿಲಲ್ಲಿ, ಹೊಲದ ಬದುವಿನ ಮೇಲೆ ನಿಂತೇ ಇದ್ದವನು. ಮಗಳು ಕೂತು ಕೆಲಸ ಮಾಡುವುದನ್ನು ನೋಡಬೇಕೆಂಬುದು ಅವನ ಆಸೆಯಾಯಿತು. ಪಿಯುಸಿ ಪರೀಕ್ಷೆ ಮುಗಿದು ನಾನು ಇನ್ನೂ ನಿದ್ದೆ ತೀರಿಸಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅವನು ನಿಪ್ಪಾಣಿಯಲ್ಲಿ ಹೊಸದಾಗಿ ಶುರುವಾದ ಕಂಪ್ಯೂಟರ್ ಕ್ಲಾಸಿನಲ್ಲಿ ನನ್ನ ಹೆಸರು ಹಚ್ಚಿ ಬಂದ. ಬೇಸಿಗೆಯಲ್ಲಿ ಅಲ್ಲಿ ಕಲಿಯುವುದು, ಮಳೆಗಾಲದಲ್ಲಿ ಕಂಪ್ಯೂಟರ್ ಇಂಜಿನಿಯರಿಂಗಿಗೆ ಬೆಳಗಾವಿಗೆ ಹೋಗುವುದು. ಅವನ ಲೆಕ್ಕದಲ್ಲಿ ಅದು ಆಗಿಹೋದ ಮಾತು.

ಆಯಿಗೆ ಅದು ಸೇರಲಿಲ್ಲ. ಶಿಕ್ಷಕಿ ಟ್ರೇನಿಂಗ್ ಮಾಡಿಸಿದರೆ ಹುಡುಗಿ ಹಳ್ಳಿಯ ಸಾಲಿಯಲ್ಲಿರುತ್ತಾಳೆ, ವರವೂ ಹತ್ತಿರದಲ್ಲೇ ಸಿಗುತ್ತದೆ ಎಂಬುದು ಅವಳ ವಾದ. ಅವ್ವ ಎರಡೂ ಕಡೆ ಕೇಳಿ ಕೊನೆಗೆ ಒಂದೇ ಮಾತು ಹೇಳಿದಳು. “ಏಕಟೀ ನಾಹೀ ಜಾಯಚ.” ಒಬ್ಬಳೇ ಹೋಗುವಂತಿಲ್ಲ ಎಂದು. ಹೀಗಾಗಿ ನನ್ನ ಜೊತೆಗೆ ಶಾಂತಕ್ಕ ಹೊರಟಳು. ಅವಳನ್ನು ಕಳಿಸುತ್ತಿದ್ದದ್ದು ಕಲಿಯಲಿಕ್ಕಲ್ಲ, ನನ್ನನ್ನು ಕಾಯಲಿಕ್ಕೆ.

ಕ್ಲಾಸು ಒಂದು ಸ್ಟೀಲ್ ಪಾತ್ರೆ ಅಂಗಡಿಯ ಮಾಳಿಗೆಯ ಮೇಲೆ. ಕೆಳಗೆ ದಿನವೆಲ್ಲ ಕೊಡ, ತಪೇಲಿಗಳ ಠಣಠಣ, ಮೇಲೆ ಪರದೆ ಇಳಿಬಿಟ್ಟ ತಣ್ಣಗಿನ ಕತ್ತಲ ಕೋಣೆ. ಚಪ್ಪಲಿ ಮೆಟ್ಟಿಲ ಮೇಲೆ ಬಿಡಬೇಕು. ನಾಲ್ಕು ಕಂಪ್ಯೂಟರುಗಳಿಗೂ ಹೂವಿನ ಚಿತ್ರದ ಬಟ್ಟೆಯ ಮುಸುಕು. ಒಂದೊಂದಕ್ಕೆ ಇಬ್ಬಿಬ್ಬರು. ಕಲಿಸುವವರು ದೇಸಾಯಿ ಸರ್, ಆಗಷ್ಟೇ ಕಾಲೇಜು ಮುಗಿಸಿದ ಹುಡುಗ. ಒಂದು ವಾಕ್ಯದಲ್ಲಿ ಮೂರು ಭಾಷೆ ಮಾತಾಡುತ್ತಿದ್ದರು. ಮೊದಲ ದಿನ ನಾವು ಒಳಗೆ ಕಾಲಿಟ್ಟೊಡನೆ ಮೂಗು ಮುಚ್ಚಿ ಎರಡು ಸಲ ಸೀನಿ ಕೇಳಿದರು.

“ಮನ್ಯಾಗ ತಂಬಾಕ ಐತೇನ್ರಿ?”

ಹೌದೆಂದೆವು.

“ಸಿಟ್ಟ ಮಾಡ್ಕೋಬ್ಯಾಡ್ರಿ. ಧೂಳ ಅಂದ್ರ ಈ ಮಷೀನಿಗೆ ಆಗಂಗಿಲ್ಲ.”

ನನಗೆ ಅವಮಾನವಾಯಿತು. ಶಾಂತಕ್ಕ ಮಾತ್ರ ಆಗಬೇಕಾದ ಕೆಲಸವೆಂಬಂತೆ ಗೋಣು ಹಾಕಿದಳು. ಮರುದಿನದಿಂದ ನಮ್ಮಿಬ್ಬರ ಒಂದೊಂದು ಜೊತೆ ಅರಿವೆ ಅವ್ವನ ಟ್ರಂಕಿನೊಳಗೆ, ಬೇವಿನ ಎಲೆಯ ನಡುವೆ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಹಿತ್ತಲಲ್ಲಿ ಅರಿವೆ ಬದಲಿಸಿ, ನಡುಮನೆಗೆ ಕಾಲಿಡದೆ ಹಿತ್ತಲ ಬಾಗಿಲಿನಿಂದಲೇ ಬಸ್ಸಿಗೆ ಹೋಗುವುದು. ಸರ್ ಮತ್ತೆ ಸೀನಲಿಲ್ಲ.

ಅಕ್ಕನಿಗೆ ಬಾಗಿಲ ಹತ್ತಿರ ಒಂದು ಕಟ್ಟಿಗೆಯ ಸ್ಟೂಲು ಕೊಟ್ಟಿದ್ದರು. ನಾನು ಕುರ್ಚಿಯಲ್ಲಿ. ಆ ಕುರ್ಚಿಯ ಸಂಕಟವನ್ನು ಹೇಗೆ ಹೇಳಲಿ? ಸರ್ ಕಲಿಸುವುದು ಕಷ್ಟವಿರಲಿಲ್ಲ. ಹೇಳಿದ್ದು ತಿಳಿಯುತ್ತಿತ್ತು, ಬರೆದುಕೊಳ್ಳುತ್ತಿದ್ದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ. ಆದರೆ ಕರಿ ಪರದೆಯ ಮೇಲೆ ಹಸಿರು ಅಕ್ಷರ ಮಿನುಗುತ್ತಿದ್ದಂತೆ ನನ್ನ ಮೊಣಕಾಲುಗಳು ತಾವಾಗಿಯೇ ಅಲುಗತೊಡಗುತ್ತಿದ್ದವು. ಕೆಳಗೆ ಅಂಗಡಿಯಲ್ಲಿ ಯಾರೋ ಹೆಂಗಸು ಪಾತ್ರೆಯ ಬೆಲೆಗೆ ಜಗ್ಗಾಡುವ ಧ್ವನಿ ಬಂದರೆ ಕಿವಿ ಅತ್ತ. ಅವಳು ಗೆದ್ದಳೋ ಅಂಗಡಿಯವ ಗೆದ್ದನೋ ಎಂದು ತಿಳಿಯುವವರೆಗೆ ಸರ್ ಹೇಳಿದ್ದು ತಲೆಗೆ ಹೋಗುತ್ತಿರಲಿಲ್ಲ. ನನಗೆ ಮನುಷ್ಯರು ಬೇಕಿತ್ತು, ಅವರ ಮಾತು, ವಾದ, ಸುಳ್ಳು, ನಿಜ. ಇದೆಲ್ಲ ಈಗ ತಿಳಿಯುತ್ತದೆ. ಆಗ ತಿಳಿದದ್ದು ಮೈಯೆಲ್ಲ ಇರುವೆ ಹರಿದಂತಾಗುತ್ತದೆ ಎಂಬುದಷ್ಟೇ.

ನನ್ನ ಜೊತೆ ಕೂಡುತ್ತಿದ್ದ ಕಿರಾಣಿ ವ್ಯಾಪಾರಿಯ ಮಗಳು ಹತ್ತು ದಿನಕ್ಕೆ ಬಿಟ್ಟುಹೋದಳು. ಸರ್ ಶಾಂತಕ್ಕನನ್ನು ನೋಡಿ ಅಂದರು.

“ಅಕ್ಕಾವ್ರ, ಸ್ಟೂಲ್ ಮ್ಯಾಲ ಯಾಕ ಬೆನ್ನ ನೋಯಿಸ್ಕೋತೀರಿ? ತಂಗಿ ಬಾಜೂಕ ಕುರ್ಚಿ ಖಾಲಿ ಐತಿ, ಬರ್ರಿ.”

ಅಕ್ಕ ಸೆರಗು ಹೊದ್ದುಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಅವತ್ತು ನಾವು ಏಳರ ಮಗ್ಗಿ ಬರೆಯಿಸುವ ಪ್ರೋಗ್ರಾಂ ಮಾಡಬೇಕಿತ್ತು. ನಾನು ಮಾಡಿದೆ. ಮಗ್ಗಿ ಬಂತು, ಬರುತ್ತಲೇ ಹೋಯಿತು. ಪರದೆ ತುಂಬಿ, ಮೇಲೆ ಸರಿದು, ಮತ್ತೆ ತುಂಬಿ, ಅಂಕಿಗಳು ನಿಲ್ಲವು. ನಾನು ಗಾಬರಿಯಾಗಿ ಸರ್ ಅವರನ್ನು ಕರೆಯಬೇಕೆಂದಾಗ ಅಕ್ಕ ನನ್ನ ಕಿವಿಯ ಹತ್ತಿರ ಸಣ್ಣಗೆ ಅಂದಳು.

“ನಿಲ್ಲಂತ ನೀ ಅದಕ್ಕ ಹೇಳೇ ಇಲ್ಲಲ್ಲ.”

ಹೌದು, ಎಲ್ಲಿ ನಿಲ್ಲಬೇಕೆಂಬ ಸಾಲನ್ನು ನಾನು ಬಿಟ್ಟಿದ್ದೆ. ಸ್ಟೂಲಿನ ಮೇಲೆ ಕೂತು ಆ ಹತ್ತು ದಿನ ಅವಳು ಪ್ರತಿಯೊಂದನ್ನೂ ಕೇಳಿಸಿಕೊಂಡಿದ್ದಳು. ಅವಳೇ ಆ ಸಾಲನ್ನು ಒಂದು ಬೆರಳಿನಿಂದ, ಅಕ್ಷರ ಹುಡುಕುತ್ತ ಹುಡುಕುತ್ತ ಹೊಡೆದಳು. ಮಗ್ಗಿ ಎಪ್ಪತ್ತಕ್ಕೆ ಬಂದು ನಿಂತಿತು. ಅವಳ ಮುಖದಲ್ಲಿ ಬಂದದ್ದನ್ನು ನಾನು ಮರೆತಿಲ್ಲ. ನಗೆ ಎನ್ನಲಾರೆ. ಬಹಳ ದಿನದ ತಲೆನೋವು ಬಿಟ್ಟವರ ಮುಖ ಹಾಗಿರುತ್ತದೆ.

ಅಂದಿನಿಂದ ಕಲಿಯುವವಳು ಅಕ್ಕ, ಕಾಯುವವಳು ನಾನು. ಕರೆಂಟು ಹೋದರೆ ಉಳಿದವರೆಲ್ಲ ಚಹಾಕ್ಕೆ ಇಳಿಯುತ್ತಿದ್ದರು, ಎಲ್ಲರಿಗಿಂತ ಮೊದಲು ನಾನು. ಅಕ್ಕ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ಸಿಲ್ಲಿನಿಂದ ಮುಂದಿನ ಪ್ರೋಗ್ರಾಂ ಬರೆಯುತ್ತ ಕೂತಿರುವಳು. ಇಂಗ್ಲಿಷ್ ಅವಳಿಗೆ ಎಸ್ಸೆಸ್ಸೆಲ್ಸಿಯಷ್ಟೇ. ತಿಳಿಯದ ಶಬ್ದಕ್ಕೆ ನನ್ನನ್ನು ಕೇಳುವಳು, ನಾನು ಅರ್ಥ ಹೇಳುವೆ, ಅದರಿಂದ ಏನು ಮಾಡಬಹುದೆಂದು ಅವಳು ನನಗೆ ಹೇಳುವಳು. ಊರ ಬಸ್ಸಿನಲ್ಲಿ, ಬುಟ್ಟಿ ಹಿಡಿದ ಹೆಂಗಸರ ನಡುವೆ ನಿಂತುಕೊಂಡು ಒಮ್ಮೆ ನಾನು ಕೇಳಿದೆ.

“ಅಕ್ಕಾ, ನಿನಗ ಅದರಾಗ ಏನ ಅಷ್ಟ ಹಿಡಿಸೇತಿ?”

ಅವಳು ಮೇಲಿನ ಕಂಬಿ ಹಿಡಿದ ಕೈ ಬದಲಿಸಿ ಅಂದಳು.

“ನಾವ ತಪ್ಪ ಹೇಳಿದ್ರ ತಪ್ಪಾಗೇತಿ ಅಂತ ತೋರಸ್ತೈತಿ. ತಿದ್ದಿದ್ರ ಆತು, ಮುಂದ ಹೊಕ್ಕೈತಿ. ಅದಕ್ಕ ಸಿಟ್ಟ ಬರೂದಿಲ್ಲ ನೋಡು.”

ಅಲಖನೂರಿನ ಬಗ್ಗೆ ಅವಳು ನನ್ನೆದುರು ಆಡಿದ್ದು ಅಷ್ಟೇ.

ಫಲಿತಾಂಶ ಬಂತು. ನಾನು ಮೊದಲ ದರ್ಜೆಯಲ್ಲಿ ಪಾಸಾಗಿದ್ದೆ. ಅಪ್ಪ ಪೇಡೆಯ ಪೊಟ್ಟಣ ಹಿಡಿದು ಊರೆಲ್ಲ ತಿರುಗಿದ. ಪೇಡೆ ಇಸಕೊಂಡವರಿಗೆಲ್ಲ ಮಾತು ಒಂದೇ: “ನಮ್ಮ ಕಸ್ತೂರಿ ಕಂಪ್ಯೂಟರ್ ಇಂಜಿನಿಯರ್ ಆಗಾಕತ್ತಾಳ್ರಿ.” ಹಾದಿಯಲ್ಲಿ ಹೋದರೆ ಜನ ನನ್ನನ್ನು ನಿಲ್ಲಿಸಿ ಮಾತಾಡಿಸತೊಡಗಿದರು. ನನ್ನ ಎದೆಯೊಳಗೆ ಒಂದು ಚಡಪಡಿಕೆ ಹಗಲೂ ರಾತ್ರಿ ಕೂತುಬಿಟ್ಟಿತು. ಒಲ್ಲೆ ಎನ್ನಬೇಕು, ಆದರೆ ಮತ್ತೇನು ಬೇಕೆಂದು ಕೇಳಿದರೆ ಏನು ಹೇಳಲಿ? ನನಗೆ ಬೇಕಾದದ್ದರ ಹೆಸರೇ ನನಗೆ ಗೊತ್ತಿರಲಿಲ್ಲ. ಆಟ ಆಡಲಿಕ್ಕೆ ಇಷ್ಟವಿಲ್ಲದವಳು ಮೈದಾನ ಬಿಡಬಹುದು. ಅಪ್ಪ ಪೇಡೆ ಹಂಚಿದ ಮೇಲೆ ಅದೂ ಸುಲಭವಲ್ಲ. ಹಿತ್ತಲು, ಪಡಸಾಲೆ, ಹಿತ್ತಲು ಎಂದು ನಾನು ತಿರುಗುವುದನ್ನು ನೋಡಿ ಅವ್ವ, “ಕಾಲಾಗ ಚಕ್ರ ಕಟ್ಟಿಯೇನ” ಎಂದಳು.

ಇದರ ಮೇಲೆ ಇನ್ನೊಂದು. ನಾನು ಒಲ್ಲೆ ಎಂದು ಕ್ಲಾಸು ಬಿಟ್ಟರೆ ಶಾಂತಕ್ಕನಿಗೂ ನಿಪ್ಪಾಣಿಗೆ ಹೋಗುವ ಕಾರಣ ಉಳಿಯುವುದಿಲ್ಲ. ಹೂಂ ಎಂದು ಬೆಳಗಾವಿಗೆ ಹೋದರೂ ಅವಳು ಮನೆಯಲ್ಲಿ ಉಳಿಯುವವಳೇ. ಒಂದು ಮಧ್ಯಾಹ್ನ ಹಿತ್ತಲಲ್ಲಿ ಅರಿವೆ ಒಣಹಾಕುತ್ತ ಅವಳಿಗೆ ಹೇಳಿಬಿಟ್ಟೆ.

“ಅಕ್ಕಾ, ನನಗ ಇದು ಆಗೂದಿಲ್ಲ. ನಾ ಒಲ್ಲೆ.”

ಅವಳು ಸೀರೆಯ ತುದಿ ಝಾಡಿಸಿ ಹಗ್ಗಕ್ಕೆ ಹಾಕಿದಳು. ಬಿಡಬ್ಯಾಡ ಅನ್ನಲಿಲ್ಲ. ನನ್ನ ಗತಿಯೇನು ಅನ್ನಲಿಲ್ಲ. “ಪರೀಕ್ಷಾ ಆಗೂ ಮಟಾ ಅರೆ ಬರ್ತಿಯಿಲ್ಲ?” ಎಂದಷ್ಟೇ ಕೇಳಿದಳು. ಕ್ಲಾಸಿನ ಕೊನೆಗೆ ಒಂದು ಪರೀಕ್ಷೆಯಿತ್ತು. ದೇಸಾಯಿ ಸರ್ ನನ್ನ ಜೊತೆಗೆ ಅಕ್ಕನ ಹೆಸರನ್ನೂ ಬರೆದುಕೊಂಡಿದ್ದರು. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿರಲಿಲ್ಲ.

ಮೃಗಶಿರ ಮಳೆಯ ಮೊದಲ ಹನಿ ಬಿದ್ದ ವಾರ, ಪರೀಕ್ಷೆಗೆ ನಾಲ್ಕು ದಿವಸ ಇದ್ದಾಗ, ಅಲಖನೂರಿನಿಂದ ಇಬ್ಬರು ಹಿರಿಯರು ಬಂದರು. ಒಬ್ಬರು ಶಾಂತಕ್ಕನ ಗಂಡನ ಕಾಕಾ, ಇನ್ನೊಬ್ಬರು ಅವರ ಊರಿನ ಪಂಚರು. ಆಯಿಯ ಮುಖ ಅರಳಿತು. ಪಡಸಾಲೆಯಲ್ಲಿ ಹೊಸ ಜಮಖಾನೆ ಹಾಸಿದರು. ಬಂದವರು ಸೀನಿದರು, ನೀರು ಕುಡಿದರು, ಮಳೆಯ ಮಾತು, ಕಬ್ಬಿನ ಮಾತು ಆಡಿದರು. ಅಕ್ಕ ನಡುಮನೆಯಲ್ಲಿ ಚೀಲಗಳ ನಡುವೆ ತಾನೇ ಬಿಡಿಸಿದ ಹಾದಿಯಲ್ಲಿ ನಿಂತಿದ್ದಳು. ನಾನು ಅಡಿಗೆಮನೆಯಲ್ಲಿ ಅವ್ವನ ಜೊತೆ ಚಹಾ ಸೋಸುತ್ತಿದ್ದೆ.

“ಹುಡುಗ ಈಗ ಪೂರಾ ಸುಧಾರಸ್ಯಾನ್ರಿ,” ಕಾಕಾನ ಧ್ವನಿ. “ಆಗಿದ್ದ ಆಗಿ ಹೋತು. ಹೆಣ್ಣಮಗಳು ತವರಾಗ ಎಷ್ಟ ವರ್ಷ ಇರಬೇಕ್ರಿ? ಮಂಗಳವಾರ ದಿವಸ ಚಲೋ ಐತಿ, ಗಾಡಿ ಕಳಸ್ತೇವು.”

“ಹೌದ್ರಿ, ಆಕಿ ಮನಿ ಅದು, ಆಕಿ ಹೋಗಬೇಕ,” ಎಂದಳು ಆಯಿ. “ಏ ಬಾಬು, ಏನ ಅಂತಿ?”

ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಅಲ್ಲಿಂದಲೇ ಅಂದ.

“ಸಣ್ಣಾಕಿದು ಹಾದಿ ಆಗೇತಿ, ಕಂಪ್ಯೂಟರ್ ಇಂಜಿನಿಯರಿಂಗ ಕಲಿಯಾಕ ಹೋಗಾಕತ್ತಾಳ. ದೊಡ್ಡಾಕಿದು ಒಂದ ಚಿಂತಿ ಉಳದೇತಿ. ಖರೇನ ಸುಧಾರಸಿದ್ರ...”

ನಾನು ಚಹಾದ ತಾಟು ಹಿಡಿದು ಹೊಸ್ತಿಲಿನಲ್ಲಿದ್ದೆ. ಹೇಗೆ ಧೈರ್ಯ ಬಂತೋ ತಿಳಿಯದು, ಧೈರ್ಯವೇ ಆಗಿತ್ತೋ ಏನೋ, ತಾಟನ್ನು ಜಮಖಾನೆಯ ಮೇಲಿಟ್ಟು ನಿಂತೇ ಹೇಳಿದೆ.

“ಅಪ್ಪಾ, ನಾ ಕಂಪ್ಯೂಟರ್ ಕಲಿಯಾಂಗಿಲ್ಲ. ಒಲ್ಲೆ ನಾ. ನನಗ ಅದರಾಗ ಮನಸಿಲ್ಲ. ಮನಸ ಇದ್ದದ್ದು ಅಕ್ಕಗ. ಕ್ಲಾಸಿನ್ಯಾಗ ಕಲಿತಾಕಿ ಆಕಿ, ನಾ ಅಲ್ಲ. ಕಲಸೂದಿದ್ರ ಆಕಿಗೆ ಕಲಸು.”

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಒಲ್ಲೆ ಎನ್ನುತ್ತಿದ್ದದ್ದು ಎರಡನೇ ರೊಟ್ಟಿಗೆ. ಅಪ್ಪ ನನ್ನನ್ನು ಹೊಸದಾಗಿ ನೋಡಿದವನಂತೆ ನೋಡಿದ. ಅವನ ಮುಖಕ್ಕೆ ರಕ್ತ ಏರಿ, ಆಮೇಲೆ ಇಳಿದು ಬೂದಿಯ ಬಣ್ಣವಾಯಿತು. ಬಂದ ಪಂಚರು ಗಂಟಲು ಕ್ಯಾಕರಿಸಿ, “ಇಷ್ಟ ದೊಡ್ಡ ಮಾತಿನ್ಯಾಗ ಸಣ್ಣ ಹುಡಗೂರನ್ನ ಬಿಡಬಾರ್ದರಿ,” ಎಂದರು. ಆಯಿ ನನ್ನ ರಟ್ಟೆ ಹಿಡಿದು ಒಳಗೆ ಎಳೆಯಲು ಎದ್ದಳು. ಅಷ್ಟರಲ್ಲಿ ಶಾಂತಕ್ಕ ಹೊರಗೆ ಬಂದಳು. ಸೆರಗು ತಲೆಯ ಮೇಲಿತ್ತು. ಹಿರಿಯರಿಬ್ಬರಿಗೂ ಬಾಗಿ ನಮಸ್ಕಾರ ಮಾಡಿ, ಎದ್ದು ನಿಂತು, ಧ್ವನಿ ಏರಿಸದೆ ಅಂದಳು.

“ನಾ ಬರಾಂಗಿಲ್ರಿ ಮಾಮಾ. ಮಂಗಳವಾರ ನನಗ ಪರೀಕ್ಷಾ ಐತಿ.”

ಹೊರಗೆ ಹೆಂಚಿನ ಮೇಲೆ ಮಳೆ ಬೀಳತೊಡಗಿತ್ತು. ಕಾಕಾನಿಗೆ ಅರ್ಥವಾಗಲಿಲ್ಲ. “ಪರೀಕ್ಷಾ ಅಂದ್ರ? ಮಂಗಳವಾರ ಬ್ಯಾಡಾದ್ರ ಗುರುವಾರ ಗಾಡಿ ಕಳಸ್ತೇವು,” ಎಂದ. ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಅಕ್ಕನನ್ನು ನೋಡಿದ. ಮನೆಗೆ ತಿರುಗಿ ಬಂದ ಮೂರು ವರ್ಷದಲ್ಲಿ ಅವಳು ಬೇಕು ಎಂದೋ ಬ್ಯಾಡ ಎಂದೋ ಏನನ್ನಾದರೂ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಅವನು ಕಂಬ ಬಿಟ್ಟು ಮುಂದೆ ಬಂದ, ಜಮಖಾನೆಯ ಮೇಲೆ ಹಿರಿಯರ ಎದುರು ಚಕ್ಕಳಮಕ್ಕಳ ಹಾಕಿ ಕೂತ.

“ಆಕಿ ಬರಾಂಗಿಲ್ಲ ಅಂದ್ಲಲ್ರಿ. ಗುರುವಾರನೂ ಬ್ಯಾಡ್ರಿ. ಚಹಾ ತಗೋರ್ರಿ, ಆರತೈತಿ.”

ಅವರು ಚಹಾ ಕುಡಿಯದೆ ಎದ್ದರು. ಮಳೆ ನಿಲ್ಲುವವರೆಗಾದರೂ ಇರಿ ಎಂದು ಅವ್ವ ಬಾಗಿಲವರೆಗೆ ಹೋಗಿ ಕರೆದಳು. ಅವರು ನಿಲ್ಲಲಿಲ್ಲ.

ಆಯಿ ಎರಡು ದಿನ ಶಾಂತಕ್ಕ ಮಾಡಿದ ಅಡಿಗೆ ಮುಟ್ಟಲಿಲ್ಲ. ಅಪ್ಪ ನನ್ನ ಜೊತೆ ಮಾತು ಬಿಟ್ಟ. ನೀರು ಕೊಟ್ಟರೆ ಇಸಕೊಳ್ಳುವನು, ಮುಖ ನೋಡುತ್ತಿರಲಿಲ್ಲ. ಹಾದಿಯಲ್ಲಿ ಜನ ಬೆಳಗಾವಿಗೆ ಯಾವಾಗ ಎಂದು ಕೇಳಿದರೆ ಅವನು ಏನು ಹೇಳುತ್ತಿದ್ದನೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಮಂಗಳವಾರ ಮಾತ್ರ ನಮಗಿಂತ ಮೊದಲು ಸ್ನಾನ ಮಾಡಿ, ತೊಳೆದ ಧೋತ್ರ ಉಟ್ಟು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ. ನಿಪ್ಪಾಣಿಯಲ್ಲಿ ನಾವು ಮೇಲೆ ಪರೀಕ್ಷೆ ಬರೆಯುವಷ್ಟು ಹೊತ್ತೂ ಪಾತ್ರೆ ಅಂಗಡಿಯ ಎದುರಿನ ಓಣಿಯಲ್ಲಿ ಕೊಡೆ ಹಿಡಿದು ಅಡ್ಡಾಡುತ್ತಿದ್ದದ್ದು ಕಿಟಕಿಯ ಪರದೆಯ ಸಂದಿಯಿಂದ ಕಾಣುತ್ತಿತ್ತು. ಮುಗಿದ ಮೇಲೆ ಚಪ್ಪಲಿ ಬಿಟ್ಟು ಮೇಲೆ ಬಂದ. ದೇಸಾಯಿ ಸರ್ ಎದ್ದು ಕುರ್ಚಿ ಕೊಟ್ಟರು. ಕೂಡಲಿಲ್ಲ.

“ಸರ್, ಖರೇ ಹೇಳ್ರಿ. ಇಬ್ಬರಾಗ ಇದು ಯಾರಿಗೆ ಒಗ್ಗತೈತಿ?”

ಸರ್ ನನ್ನ ಕಡೆ ನೋಡಿದರು. ನಾನು ಗೋಣು ಹಾಕಿದೆ, ಹೇಳಿರಿ ಎಂದು.

“ಸಣ್ಣಾವ್ರು ಪಾಸಾಗ್ತಾರ್ರಿ, ಶಾಣ್ಯಾ ಅದಾರ. ಆದ್ರ ದೊಡ್ಡಾವ್ರು ನಾ ಕಲಸಿದ್ದಕ್ಕಿಂತ ಮುಂದ ಹೋಗಿ ನನ್ನ ಕೇಳ್ತಾರ. ನನಗ ಮನಿಗೆ ಹೋಗಿ ಪುಸ್ತಕ ತಗದ ನೋಡಬೇಕಾಗತೈತಿ.”

ಅಪ್ಪ ಅಕ್ಕನ ಮುಂದಿನ ಕಂಪ್ಯೂಟರಿನ ಹತ್ತಿರ ಹೋಗಿ ನಿಂತ. ಮುಟ್ಟಲಿಲ್ಲ. ಅಕ್ಕ ಎದ್ದೇಳಲು ಹೋದಳು, ಅವನು ಕೈಸನ್ನೆ ಮಾಡಿ ಕೂಡಿಸಿದ.

ಆಮೇಲಿನದು ನಿಧಾನವಾಗಿ ಆದ ಮಾತು. ಅಕ್ಕ ಖಾಸಗಿಯಾಗಿ ಪಿಯುಸಿಗೆ ಕೂತಳು. ಇಂಗ್ಲಿಷಿನಲ್ಲಿ ಒಮ್ಮೆ ಫೇಲಾಗಿ ಮತ್ತೆ ಕೂತಳು. ಹೆಣ್ಣುಮಕ್ಕಳಿಗೆ ಹೆಂಗಸೇ ಕಲಿಸಿದರೆ ಕಳಿಸುತ್ತೇವೆಂದು ಮನೆಮನೆಯವರು ಅಂದಾಗ ಸರ್ ಅವಳಿಗೆ ಬೆಳಗಿನ ಕ್ಲಾಸು ಒಪ್ಪಿಸಿದರು. ಅಲಖನೂರಿನ ಸಂಬಂಧ ಚಿಕ್ಕೋಡಿ ಕೋರ್ಟಿನಲ್ಲಿ ಮುಗಿಯಿತು. ಡಿಪ್ಲೊಮಾ ಮುಗಿಸಿ ಅವಳು ಚಿಕ್ಕೋಡಿಯಲ್ಲೇ ತನ್ನದೊಂದು ಕ್ಲಾಸು ತೆರೆದಾಗ, ಮಗಳನ್ನು ಕರೆದುಕೊಂಡು ಅಕ್ಕೋಳದ ಮನೆಗೆ ವಿಚಾರಿಸಲು ಬಂದವರಿಗೆ ವೇಳೆ, ಬಸ್ಸು, ಎಲ್ಲ ಹೇಳುತ್ತಿದ್ದವಳು ಆಯಿ, ಕಟ್ಟೆಯ ಮೇಲಿನಿಂದ, ಬಾಯಲ್ಲಿ ಮಿಶ್ರಿ ಇದ್ದರೂ. ಆ ದಿನಗಳಲ್ಲಿ ಮನೆಯ ಡಬ್ಬಿಗಳು ಇಟ್ಟಲ್ಲಿಯೇ ಇದ್ದವು.

ನನ್ನದು ಅಷ್ಟು ಸಸಾರವಾಗಲಿಲ್ಲ. ಇಂಜಿನಿಯರಿಂಗ್ ಬಿಟ್ಟಾಯಿತು, ಶಿಕ್ಷಕಿ ಟ್ರೇನಿಂಗೂ ಬ್ಯಾಡವೆಂದೆ. ಕೊನೆಗೆ ಚಿಕ್ಕೋಡಿಯ ಕಾಲೇಜಿನಲ್ಲಿ ಬಿ.ಎ.ಗೆ ಹೆಸರು ಹಚ್ಚುವುದೆಂದಾಯಿತು. ವಿಜ್ಞಾನದಲ್ಲಿ ಮೊದಲ ದರ್ಜೆ ಬಂದವಳು ಬಿ.ಎ.ಗೆ ಹೋಗುತ್ತಾಳೆಂದು ಊರಲ್ಲಿ ನಕ್ಕರು. ಹೆಸರು ಹಚ್ಚಲು ಅಪ್ಪನೇ ಕರೆದುಕೊಂಡು ಹೋದ. ಹೋಗುವಾಗ ಮಾತಿಲ್ಲ. ಕೆಲಸ ಮುಗಿದು ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ನಿಪ್ಪಾಣಿ ಬಸ್ಸಿಗೆ ಕಾಯುತ್ತಿದ್ದೆವು. ಬೆಂಚಿನ ಮೇಲೆ ಜಾಗವಿತ್ತು, ನಾವಿಬ್ಬರೂ ನಿಂತೇ ಇದ್ದೆವು. ಅವನು ಚುರಮರಿಯ ಪೊಟ್ಟಣ ಬಿಡಿಸಿ ನನ್ನ ಮುಂದೆ ಹಿಡಿದ. ಆ ಬೇಸಿಗೆಯ ನಂತರ ಅವನು ಕೈಯಾರೆ ನನಗೆ ಕೊಟ್ಟ ಮೊದಲನೆಯದು ಅದು. ಒಂದು ಹಿಡಿ ತೆಗೆದುಕೊಂಡೆ.

“ನಿನಗ ಏನ ಬೇಕ ಅಂತ ನಿನಗರೆ ಗೊತ್ತೈತೇನ?” ಎಂದ. ಸಿಟ್ಟಿರಲಿಲ್ಲ. ತಿಳಿಯಲಿಕ್ಕೆಂದೇ ಕೇಳಿದ್ದು.

“ಇಲ್ಲಪ್ಪಾ.”

ಅವನು ಚು‌ರಮರಿ ತಿನ್ನುತ್ತ ಬಸ್ಸು ಬರುವ ಹಾದಿ ನೋಡಿದ.

“ಆತು. ಗೊತ್ತಾದ ದಿನ ಮದಲ ನನಗ ಹೇಳು. ಮಂದಿ ಮುಂದ ಹೇಳಬ್ಯಾಡ.”

ಮುಂದೆ, ಕಾನೂನು ಓದಬೇಕೆಂದು ನನಗೆ ತಿಳಿದಾಗ, ಮನೆಗೆ ಬಂದು ಚೀಲ ಇಟ್ಟವಳೇ ಅವ್ವನಿಗೂ ಹೇಳದೆ, ಶಾಂತಕ್ಕನಿಗೂ ಹೇಳದೆ ಹೊಲಕ್ಕೆ ಹೋದೆ. ಅಪ್ಪ ಬದುವಿನ ಆ ತುದಿಯಲ್ಲಿದ್ದ. ಆಳುಗಳು ಊಟಕ್ಕೆ ಹೋಗುವವರೆಗೆ ನಾನು ಈ ತುದಿಯಲ್ಲಿ ನಿಂತು ಕಾಯ್ದೆ.